ಮೂಲಂಗಿಯ ಸ್ವಂತ ದನಿ

ರಾಜಧಾನಿಯ ಪಕ್ಕದ ಬೂಚನ್ ಊರಿನಲ್ಲಿ, ಮಕ್ಕಳ ಕಷ್ಟ ಕೇಳುವ ಆಲಿಸುವ ಫೋನಿನ ಕೇಂದ್ರದಲ್ಲಿ, ನನ್ನ ಹೆಸರು ಮೂಲಂಗಿ. ಕರೆ ಎತ್ತಿದ ಮೇಲೆ ಅಲ್ಲಿ ಯಾರಿಗೂ ಅಪ್ಪ ಅಮ್ಮ ಇಟ್ಟ ಹೆಸರಿಲ್ಲ. ಫೋನು ಮಾಡುವ ಹುಡುಗ ಹುಡುಗಿಯರು ತಮ್ಮ ಹೆಸರು ಹೇಳಬೇಕಾಗಿಲ್ಲ, ಹಾಗಾಗಿ ಕೇಳುವ ನಾವೂ ಹೇಳಬಾರದು. ಅನ್ನದ ಬಟ್ಟಲಿನ ಸುತ್ತ ಇಡುವ ನೆಂಚಿಕೆಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ನನ್ನ ಪಕ್ಕದ ಫೋನಿನ ಗೂಡಿನಲ್ಲಿ ಕೂರುತ್ತಿದ್ದ ಚೇರಿನ್ ಅಕ್ಕ ಸೋಯಾಮೊಳಕೆ, ಅದರಾಚೆಯವನು ಕಡಲಪಾಚಿ. ನಾನು ಸೇರುವ ಹೊತ್ತಿಗೆ ಮರ್ಯಾದೆಯ ಹೆಸರುಗಳೆಲ್ಲ ಖಾಲಿಯಾಗಿ ಮೂಲಂಗಿ, ಬೆಳ್ಳುಳ್ಳಿ ಎರಡೇ ಉಳಿದಿದ್ದವು. ನನ್ನ ಉದ್ದ ನೋಡಿ ಚೇರಿನ್ ಅಕ್ಕನೇ ತೀರ್ಮಾನ ಮಾಡಿಬಿಟ್ಟಳು.

ಮನೆಯಲ್ಲಿ ನಾನು ಪ್ಯೋ ಇನ್ಸು. ಆಗ ಹೈಸ್ಕೂಲಿನ ಎರಡನೇ ವರ್ಷ ಶುರುವಾಗುವುದರಲ್ಲಿತ್ತು. ಶಾಲೆಯಲ್ಲಿ ನನಗೆ ಬೇರೆಯೇ ಖ್ಯಾತಿ. ಊಟದ ಹೊತ್ತಿನ ಶಾಲಾ ಬಾನುಲಿಯಲ್ಲಿ ಯಾರ ದನಿಯನ್ನು ಬೇಕಾದರೂ ಮಾಡುತ್ತಿದ್ದೆ. ನಮ್ಮ ಉಪಪ್ರಾಂಶುಪಾಲರು ಮಾತಿಗೆ ಮುಂಚೆ ಎರಡು ಸಣ್ಣ ಕೆಮ್ಮು ಕೆಮ್ಮಿ, ಒಂದು ದೊಡ್ಡದು ಕೆಮ್ಮಿ, ಆಮೇಲೆ "ವಿದ್ಯಾರ್ಥಿಗಳೇ" ಎನ್ನುತ್ತಿದ್ದರು. ಅದನ್ನು ಅವರಿಗಿಂತ ನಾನೇ ಚೆನ್ನಾಗಿ ಮಾಡುತ್ತಿದ್ದೆ. ಒಂದು ದಿನ ಅವರ ಕೆಮ್ಮಿನಲ್ಲೇ ಕೊನೆಯ ಪೀರಿಯಡ್ ರದ್ದೆಂದು ಘೋಷಿಸಿದೆ. ಮೂರು ತರಗತಿಗಳು ಚೀಲ ಹೆಗಲಿಗೇರಿಸಿ ಮನೆಗೆ ಹೋದವು. ಮರುದಿನದಿಂದ ಮೈಕಿಗೂ ನನಗೂ ಮೈಲಿ ದೂರ. "ನಿನಗೆ ಬಾಯಿ ಬೆಳೆದಿರೋದು ಸಾಕು, ಇನ್ನು ಕಿವಿ ಬೆಳೆಸು," ಎಂದು ಆಲಿಸುವ ಫೋನಿನ ಸ್ವಯಂಸೇವಕರ ಅರ್ಜಿಯನ್ನು ಅವರೇ ನನ್ನ ಕೈಗಿಟ್ಟರು.

"ಬಾಯಿ ಮುಚ್ಕೊಂಡು ಕೂರೋ ಕೆಲಸಾನಾ? ನೀನಾ?" ಅಮ್ಮ ಕಡಲಪಾಚಿಯ ಹಾಳೆಯಲ್ಲಿ ಅನ್ನವಿಟ್ಟು ಗಿಂಬಾಪ್ ಸುತ್ತುತ್ತಿದ್ದ ಕೈ ನಿಲ್ಲಿಸಿ ಕೇಳಿದಳು. "ಪಾಪ, ಆ ಮಕ್ಕಳಿಗೆ ಈಗಿರೋ ಕಷ್ಟ ಸಾಲದಾ?"

ಕೇಂದ್ರದ ಮುಖ್ಯಸ್ಥೆ ಓಕ್ ಮ್ಯೋಂಗ್‌ಸುಕ್ ಮೇಡಂ. ಹೆಸರು ಓಕ್ ಆದರೂ ಯಾವುದಕ್ಕೂ ಅಷ್ಟು ಸುಲಭವಾಗಿ ಓಕೆ ಎನ್ನುವವರಲ್ಲ. ಸುದ್ದಿ ಓದುವವರ ಹಾಗೆ ಇಸ್ತ್ರಿ ಮಾಡಿದ ಮಾತು, ಪ್ರತಿ ವಾಕ್ಯದ ಕೊನೆಗೆ ಗೆರೆ ಎಳೆದಂಥ ನಿಲುಗಡೆ. ಅವರ ಮೊದಲ ಪಾಠವೇ, ಬುದ್ಧಿ ಹೇಳಬಾರದು. "ಬುದ್ಧಿ ಹೇಳೋಕೆ ಅವರ ಮನೇಲಿ ಜನ ಇದಾರೆ. ನೀವು ಕೇಳಿ, ಕೇಳಿದ್ದನ್ನ ಮರಳಿಸಿ." 'ನನಗೆ ಯಾರೂ ಇಲ್ಲ' ಎಂದು ಒಬ್ಬ ಹೇಳಿದರೆ 'ಛೆ, ಹಾಗೆಲ್ಲ ಅನ್ಬಾರದು' ಎನ್ನಕೂಡದು. 'ಯಾರೂ ಇಲ್ಲ ಅನ್ನಿಸ್ತಿದೆ ನಿಂಗೆ' ಎನ್ನಬೇಕು. ಉಳಿದವರು ಇದಕ್ಕೆ ಬೆವರು ಸುರಿಸಿದರು. ನನಗೆ ನೀರು ಕುಡಿದಷ್ಟು ಸಲೀಸು. ಮಾತಿನ ಜೊತೆಗೆ ಅದರ ಏರಿಳಿತ, ಸಿಂಬಳ ಎಳೆದ ಸದ್ದು, ಎಲ್ಲವನ್ನೂ ಮರಳಿಸುತ್ತಿದ್ದೆ.

"ಮಾತು ಮರಳಿಸು ಇನ್ಸು," ಎಂದರು ಮೇಡಂ. "ಮೂಗು ಮರಳಿಸಬೇಡ."

ಇನ್ನೊಂದು ಪಾಠಕ್ಕೆ ಎಲ್ಲರ ನಾಲಿಗೆಯೂ ಒಣಗಿತು. ಅಪಾಯದ ಸುಳಿವು ಸಿಕ್ಕ ಕೂಡಲೇ ಗೂಡಿನಲ್ಲಿಟ್ಟಿರುವ ಕೆಂಪು ಸಟ್ಟುಗವನ್ನು, ಅದೇ ಅನ್ನ ಬಡಿಸುವ ಪ್ಲಾಸ್ಟಿಕ್ ಸಟ್ಟುಗವನ್ನು, ಸದ್ದಿಲ್ಲದೆ ತಲೆಯ ಮೇಲೆತ್ತಬೇಕು. ಮೇಡಂ ಓಡಿ ಬಂದು ಇನ್ನೊಂದು ರಿಸೀವರ್ ಕಿವಿಗಿಟ್ಟುಕೊಳ್ಳುತ್ತಾರೆ. ಆಮೇಲೆ ನಾವು ಸುತ್ತಿ ಬಳಸದೆ ಕೇಳಬೇಕು: "ಸಾಯಬೇಕು ಅಂತ ಅನ್ನಿಸ್ತಿದೆಯಾ?" ಗೋಡೆಗೆ ಮುಖಮಾಡಿ ಒಬ್ಬೊಬ್ಬರೂ ಮೂವತ್ತು ಸಲ ಅದನ್ನು ಗಟ್ಟಿಯಾಗಿ ಹೇಳಬೇಕಾಗಿತ್ತು. "ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಬರುತ್ತೆ ಅಂತ ಹೆದರಬೇಡಿ. ಇರೋ ಯೋಚನೆಗೆ ಹೊರಗೆ ಬರೋಕೆ ಬಾಗಿಲು ಸಿಗುತ್ತೆ, ಅಷ್ಟೇ." ನಾನು ಮೂವತ್ತು ಸಲವನ್ನೂ ಮೂವತ್ತು ದನಿಯಲ್ಲಿ ಹೇಳಿದೆ: ಬಸ್ಸಿನ ಪ್ರಕಟಣೆ, ಮೀನು ಮಾರುವ ಲಾರಿ, ನಮ್ಮ ಗಣಿತದ ಮೇಷ್ಟ್ರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಈಗ ಒಂದ್ಸಲ ನಿನ್ನ ದನಿಯಲ್ಲಿ," ಎಂದರು ಮೇಡಂ.

ಹೇಳಿದೆ. ಅದು ಓಕ್ ಮೇಡಂ ದನಿಯಾಗಿತ್ತು. ಮತ್ತೆ ನಗು. ಮೇಡಂ ಮಾತ್ರ ನಗಲಿಲ್ಲ. ನನ್ನ ಹೆಸರಿನ ಮುಂದೆ ಪೆನ್ಸಿಲ್ಲಿನಲ್ಲಿ ಏನೋ ಸಣ್ಣಗೆ ಬರೆದುಕೊಂಡರು.

ಆ ಕರೆ ಬಂದದ್ದು ಏಪ್ರಿಲ್‌ನಲ್ಲಿ, ಮಂಗಳವಾರ ಸಂಜೆ ಐದು ದಾಟಿದ ಮೇಲೆ. ಹೊಸ ತರಗತಿಗಳು ಶುರುವಾಗಿ ಐದು ವಾರವಾಗಿತ್ತು.

"ಹಲೋ, ಮೂಲಂಗಿ ಕೇಳ್ತಾ ಇದ್ದೀನಿ."

ಉಸಿರು ಮಾತ್ರ. ನಾನು ಕಾದೆ. ಕಾಯುವುದೂ ಕೇಳುವುದರಲ್ಲಿ ಸೇರಿದೆ ಎಂದು ನಮಗೆ ಹೇಳಿಕೊಟ್ಟಿದ್ದರು.

"ಮೂಲಂಗಿ ಅಂದ್ರ..." ಒಂದು ಹುಡುಗಿಯ ದನಿ. "ಖರೇನ ಮೂಲಂಗೀನ?"

"ಖಂಡಿತ. ಹೋಳು ಮಾಡಿ ಖಾರ ಹಚ್ಚಿರೋದು."

ಅವಳು ಮೂಗಿನಲ್ಲೇ ಒಂಚೂರು ನಕ್ಕಳು. ಮಾತು ತೆಂಕಣ ಕಡಲಂಚಿನದು, ಪೋಹಾಂಗ್ ಕಡೆಯದು ಎಂದು ನನ್ನ ಕಿವಿ ಆಗಲೇ ಲೆಕ್ಕ ಹಾಕಿತ್ತು. ಆ ಕಡೆಯ ಮಾತೆಂದರೆ ನನ್ನ ನಾಲಿಗೆಗೆ ಹಬ್ಬ.

ಸ್ವಲ್ಪ ಸ್ವಲ್ಪವಾಗಿ ಹೇಳಿದಳು. ಅಮ್ಮನಿಗೆ ಇಲ್ಲಿನ ಹೋಟೆಲಿನಲ್ಲಿ ಕೆಲಸ ಸಿಕ್ಕು ಇಬ್ಬರೂ ಬಂದಿದ್ದಾರೆ. ಹೈಸ್ಕೂಲಿನ ಮೊದಲ ದಿನ ಎದ್ದು ನಿಂತು ತನ್ನ ಪರಿಚಯ ಹೇಳಿದಳು. ಬಾಯಿ ತೆಗೆದದ್ದೇ ತಡ, ತರಗತಿ ಗೊಳ್ಳೆಂದಿತು.

"ಇನ್ನೊಮ್ಮೆ ಹೇಳು, ಇನ್ನೊಮ್ಮೆ ಹೇಳು ಅಂದ್ರು. ನಾ ಹುಚ್ಚಿ, ಹೇಳಿದೆ. ಫೋನಿನ್ಯಾಗ ಹಿಡಕೊಂಡ್ರು. ಈಗ ಕಾರಿಡಾರಿನ್ಯಾಗ ನಾ ಹೋದ್ರ ಸಾಕು, ನನ್ನ ದನೀನ ಹಚ್ಚತಾರ. ನನ್ನಂಗ ಮಾತಾಡಿ ತೋರಸ್ತಾರ. ಒಣಮೀನು ಅಂತ ಹೆಸರಿಟ್ಟಾರ."

"ನಿನ್ನ ಮಾತನ್ನ ನಿನ್ನೆದುರಿಗೇ ಆಡಿ ತೋರಿಸ್ತಾರೆ," ಎಂದೆ.

"ಹೂಂ. ಅದಕ್ಕ ನಾ ಸಾಲ್ಯಾಗ ಮಾತ ಬಿಟ್ಟೇನಿ. ಒಂದು ತಿಂಗಳಾತು. ಟೀಚರ್ ಕೇಳಿದ್ರ ಬರದು ತೋರಸ್ತೀನಿ."

"ಒಂದ್ ತಿಂಗಳಿಂದ ಬಾಯೇ ತೆಗ್ದಿಲ್ಲ ನೀನು. ಅಮ್ಮಂಗೆ ಗೊತ್ತಾ?"

"ಅಮ್ಮಗ ಹೇಳಿಲ್ಲ. ಅಕಿ ಇಡೀ ದಿನ ಒಲಿ ಮುಂದ ನಿಂತಿರ್ತಾಳ. ನನ್ನ ಭಾರಾನೂ ಯಾಕ ಹೊರಬೇಕು ಪಾಪ."

"ಅಮ್ಮಗ ಹೇಳಂಗೂ ಇಲ್ಲ, ಒಳಗ ಇಟ್ಕೊಳ್ಳಂಗೂ ಇಲ್ಲ. ಭಾಳ ಒಜ್ಜೆ ಆಗೇದ."

ಇದನ್ನು ಹೇಳಿದ್ದು ನಾನು. ನನ್ನ ಬಾಯಿ ಯಾವಾಗ ಅವಳ ಊರಿಗೆ ಹೊರಟುಹೋಯಿತೋ ನನಗೆ ಗೊತ್ತಾಗಲಿಲ್ಲ. ಗೊತ್ತಾಗದ್ದಕ್ಕೆ ಕಾರಣವೂ ಇದೆ, ಹೇಳಲು ನಾಚಿಕೆ. ಕರೆ ಎಷ್ಟು ಚೆನ್ನಾಗಿ ಹೋಗುತ್ತಿದೆ ಎಂದು ನಾನು ಒಳಗೊಳಗೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ಆ ಕಡೆ ಅವಳು ಒಂದು ಕ್ಷಣ ತಡೆದದ್ದು ಕೇಳಿಸಿತ್ತು. ಅದನ್ನು ದುಃಖವೆಂದುಕೊಂಡೆ.

"ನಾ ಇಲ್ಲದಿದ್ರ ಎಲ್ಲಾರಿಗೂ ಹಗೂರ ಆಗ್ತದ," ಎಂದಳು, ತೀರಾ ಮೆಲ್ಲಗೆ.

ಸಟ್ಟುಗ ಎತ್ತಬೇಕಾದದ್ದು ಅಲ್ಲಿ. ಎತ್ತದೆ, ಮೂವತ್ತು ಸಲ ಕಲಿತ ಪ್ರಶ್ನೆಯನ್ನೇ ಮೊದಲು ಕೇಳಿದೆ. ನಾಲಿಗೆ ಇದ್ದಲ್ಲಿಂದ ಹಿಂದಿರುಗಿರಲಿಲ್ಲ.

"ಸಾಯಬೇಕಂತ ಅನಸಾಕತ್ತದೇನು ನಿಂಗ?"

ಆ ಕಡೆ ಬಸ್ಸೊಂದು ಹಾದುಹೋದ ಸದ್ದು.

"ನೀನೂನ?" ಎಂದಳು.

ಫೋನು ಇಟ್ಟುಬಿಟ್ಟಳು.

ಆಗ ಎತ್ತಿದೆ ಕೆಂಪು ಸಟ್ಟುಗ. ಓಕ್ ಮೇಡಂ ಬಂದರು, ಅವರ ಹಿಂದೆ ಚೇರಿನ್ ಅಕ್ಕ. "ಏನೇನಾಯ್ತು, ಅಕ್ಷರ ಬಿಡದೆ ಹೇಳು." ಹೇಳಿದೆ. ಅವಳದ್ದು, ನನ್ನದು, ಉಸಿರು, ಬಸ್ಸು, ಎಲ್ಲ. ಕೊನೆಯ ಪ್ರಶ್ನೆಗೆ ಬಂದಾಗ ನನ್ನ ಬಾಯಿಂದ ಹೊರಬಂದದ್ದನ್ನು ನಾನೇ ಮೊದಲ ಸಲ ಕೇಳಿಸಿಕೊಂಡೆ. ಚೇರಿನ್ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು.

ಮೇಡಂ ಮೊದಲು ಮಾಡಿದ್ದು ತುರ್ತು ಸೇವೆಯವರಿಗೆ ಕರೆ. ನಮಗೆ ಕಾಣದ ನಂಬರನ್ನು ಹುಡುಕುವ ದಾರಿ ಅವರಿಗಿದೆ, ಆದರೆ ಅದಕ್ಕೆ ಸಮಯ ಹಿಡಿಯುತ್ತದೆ. ರಿಸೀವರ್ ಕೆಳಗಿಟ್ಟು ನನ್ನ ಕಡೆ ತಿರುಗಿದರು. ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು.

"ನೀನು ಅವಳ ಮಾತನ್ನ ಮರಳಿಸಲಿಲ್ಲ ಇನ್ಸು. ಅವಳ ತರಗತೀನ ಮರಳಿಸಿದೆ."

ಆಮೇಲಿನ ಹನ್ನೊಂದು ನಿಮಿಷ ನಾನು ಯಾರ ಹಾಗೂ ಇರಲಿಲ್ಲ. ಗೂಡಿನ ಹಲಗೆಯ ಮೇಲೆ ಯಾರೋ ಹಿಂದೆ ಪೆನ್ನಿನಲ್ಲಿ ಬರೆದ ಮೋರೆಯನ್ನೇ ನೋಡುತ್ತ ಕೂತಿದ್ದೆ. ಅವಳು ಈಗ ಎಲ್ಲಿ ನಿಂತಿದ್ದಾಳೆ, ಯಾವ ಕಡೆ ನಡೆಯುತ್ತಿದ್ದಾಳೆ?

ಫೋನು ಬಡಿದುಕೊಂಡಿತು. ಚೇರಿನ್ ಅಕ್ಕ ಕೈ ಚಾಚಿದಳು. ಮೇಡಂ ತಡೆದರು.

"ಅವಳೇ ಆಗಿದ್ರೆ ಬೈಯೋಕೆ ಮಾಡಿರ್ತಾಳೆ. ಬೈಸ್ಕೊಳ್ಳೋನೇ ತೆಗೀಬೇಕು. ತಗೋ." ತಾವು ಇನ್ನೊಂದು ರಿಸೀವರ್ ಎತ್ತಿಕೊಂಡರು.

"ಹಲೋ, ಮೂಲಂಗಿ..."

"ಲೇ ಮೂಲಂಗಿ!"

ಅಬ್ಬಾ, ಆ ಒಂದು 'ಲೇ' ಕೇಳಿ ನನಗಾದ ಸಂತೋಷ! ಓಕ್ ಮೇಡಂ ಕಣ್ಣು ಮುಚ್ಚಿ ಉಸಿರು ಬಿಟ್ಟರು.

"ಇಷ್ಟ ಮಂದಿ ಸಾಲಲಿಲ್ಲಂತ ನೀನೂ ಒಬ್ಬಾಂವ ಬೇಕಾಗಿತ್ತೇನಲೇ ನನಗ? ಮನಸು ಬಿಚ್ಚಿ ಹೇಳಾಕತ್ತಿದ್ರ ಅಣಕಸ್ತೀ? ಅದೂ ಅಂಥಾ ಮಾತ ಕೇಳೂಮುಂದ? ಕೇಳಾಕ ಕುಂತೀಯೋ ಆಡಿಕೊಳ್ಳಾಕ ಕುಂತೀಯೋ? ಅದೂ ನೆಟ್ಟಗರ ಅಣಕಸ್ತೀಯೇನು? ನಮ್ಮ ಊರಾಗ ಯಾರೂ ಹಂಗ ರಾಗ ಎಳಿಯಂಗಿಲ್ಲ, ಮೀನಂಗಡಿ ಬೆಕ್ಕು ಸುದ್ದಾ ಎಳಿಯಂಗಿಲ್ಲ!"

ಇಪ್ಪತ್ತು ನಿಮಿಷ. ಒಂದು ತಿಂಗಳು ಬಾಯಿ ತೆರೆಯದವಳು ಕಟ್ಟೆಯೊಡೆದ ಹಾಗೆ ಬೈದಳು. ತರಗತಿಯ ಲೀಡರಿಗೆ ಬೈದಳು, ಬೂಚನ್ನಿನ ಬಸ್ಸುಗಳಿಗೆ ಬೈದಳು, ಇಲ್ಲಿ ಮಾರುವ ಮೀನಿಗೆ ಬೈದಳು, ನಡುನಡುವೆ ನನಗೆ ಬೈದಳು. ನಾನು "ಹೂಂ" ಎನ್ನುತ್ತ ಕೂತೆ. ಹೂಂ ಎನ್ನುವಾಗಲೂ ಭಯ, ಎಲ್ಲಿ ಅವಳ ಊರಿನ ಹೂಂ ಬಂದುಬಿಡುತ್ತದೋ ಎಂದು.

"ಬಾಯಿ ಯಾಕ ಕಟ್ತು? ಏನರ ಹೇಳು."

"ನಾನು ಅಣಕಿಸಲಿಲ್ಲ. ಆದ್ರೆ ನಿಂಗೆ ಅಣಕದ ಥರಾನೇ ಕೇಳಿಸ್ತು. ತಪ್ಪು ನಂದೇ. ಯಾರ ಹತ್ರ ಮಾತಾಡ್ತೀನೋ ಅವರ ದನಿ ನಂಗೆ ಅಂಟ್ಕೊಳ್ಳುತ್ತೆ. ಚಿಕ್ಕಂದಿನಿಂದ ಹಾಗೆ."

"ಹಂಗಂದ್ರ ಇದು ಯಾರ ದನಿ?"

ಕೇಳಿಸಿಕೊಂಡೆ. ತಗ್ಗಿದ, ತಪ್ಪೊಪ್ಪಿಗೆಯ, ಕೊನೆಗೆ ಗೆರೆ ಎಳೆದ ದನಿ. "ನಮ್ಮ ಮೇಡಂದು," ಎಂದೆ. ಎದುರಿಗೇ ಕೂತಿದ್ದ ಮೇಡಂ ಹುಬ್ಬೇರಿಸಿದರು.

"ನಿಂದ ಹಚ್ಚು."

"ಹೀಗಾ?"

"ಇದ್ಯಾರದು?"

"...ಗಣಿತದ ಮೇಷ್ಟ್ರು."

"ಥೂ. ಇನ್ನೊಂದು."

"ಇದು ಬಹುಶಃ ನಮ್ಮಮ್ಮಂದು."

ಅವಳು ನಕ್ಕಳು. ಮೂಗಿನಲ್ಲಲ್ಲ, ಬಾಯಿ ಬಿಟ್ಟು. "ಒಟ್ಟ ಮನ್ಯಾಗ ಎಷ್ಟ ಮಂದೀನ ಸಾಕೀದಿ ಮಾರಾಯ? ನಿನ್ನ ಕೋಣೆ ಖಾಲಿ ಮಾಡಸು. ನಾ ಕಾಯ್ತೀನಿ."

ಅವಳು ಕಾದಳು. ಕೇಳುವವನು ನಾನು, ಕಾದವಳು ಅವಳು. ನಾನು ಗಂಟಲು ಸರಿಮಾಡಿಕೊಳ್ಳಲು ಹೋದೆ, ಅದು ಉಪಪ್ರಾಂಶುಪಾಲರ ಕೆಮ್ಮಾಗುತ್ತದೆಂದು ನಿಲ್ಲಿಸಿದೆ. ಏನೂ ಸರಿಮಾಡದೆ, ಏನನ್ನೂ ಹಾಕಿಕೊಳ್ಳದೆ ಕೇಳಿದೆ.

"ಸಾಯಬೇಕು ಅಂತ ಅನ್ನಿಸ್ತಿದೆಯಾ?"

ಹೊರಬಂದ ದನಿ ಸಣ್ಣದು, ಒಂದು ಕಡೆ ಬಿರುಕು ಬಿಟ್ಟದ್ದು, ನಾನು ಮಾಡುವ ಯಾವ ದನಿಗೂ ಸಾಟಿಯಲ್ಲದ್ದು. ಬಾನುಲಿಯಲ್ಲಿ ಬಂದಿದ್ದರೆ ಯಾರೂ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

"ಚೊಲೋ ಇಲ್ಲ ಬಿಡು," ಎಂದಳು. "ಆದ್ರ ನಿಂದ ಅದ."

ಆಮೇಲೆ ಹೇಳಿದಳು. "ಹೋದ ವಾರ ಅನಸಿತ್ತು. ಇವತ್ತ ಮುಂಜಾನೆನೂ ಅನಸಿತ್ತು. ಈಗ... ಈಗ ಗೊತ್ತಿಲ್ಲ. ಈಗ ನಿನಗ ಬೈಯಾಕತ್ತೀನಿ."

"ಮುಂಜಾನೆ ಅನ್ನಿಸಿತ್ತು. ಈಗ ಗೊತ್ತಿಲ್ಲ," ಎಂದೆ. ಆ ಬಿರುಕಿನಲ್ಲೇ. "ನಮ್ಮ ಮೇಡಂ ಪಕ್ಕದಲ್ಲೇ ಇದಾರೆ, ಕೇಳಿಸ್ಕೊಳ್ತಾನೂ ಇದಾರೆ. ಇದು ನನ್ನೊಬ್ಬನ ಕೈಲಾಗೋದಲ್ಲ. ಅವರ ಕೈಗೆ ಕೊಡ್ಲಾ?"

"ಅವ್ರ ದನಿ ಅವ್ರದ ಅದ ಏನು?"

"ಅವರದ್ದೇ. ನಾನು ಎಷ್ಟು ಕದ್ರೂ ಇನ್ನೂ ಖಾಲಿ ಆಗಿಲ್ಲ."

"ಹೂಂ," ಎಂದಳು.

ಓಕ್ ಮೇಡಂ ಮಾತು ಶುರುಮಾಡಿದರು, ನನಗೆ ಹೊರಗೆ ಹೋಗೆಂದು ಕೈಸನ್ನೆ ಮಾಡಿದರು. ಅಷ್ಟೇ. ಮೇಲಕ್ಕೆ ಒಪ್ಪಿಸಿದ ಕರೆಯ ಬಗ್ಗೆ ಆಮೇಲೆ ನಮಗೆ ಏನನ್ನೂ ಹೇಳುವುದಿಲ್ಲ, ನಾವು ಕೇಳುವ ಹಾಗೂ ಇಲ್ಲ. ಅದು ಅಲ್ಲಿಯ ಕಟ್ಟುನಿಟ್ಟು. ಎರಡು ವಾರ ತಡೆದು ಒಮ್ಮೆ ಕೇಳಿಯೇಬಿಟ್ಟೆ. "ಮೇಡಂ, ಆ ಹುಡುಗಿ..." ಅವರು ಮೇಜಿನ ಮೇಲಿದ್ದ ಸ್ಟ್ರಾಬೆರಿ ಡಬ್ಬಿಯನ್ನು ನನ್ನ ಕಡೆ ತಳ್ಳಿ, "ತಿನ್ನು, ಸಿಹಿಯಾಗಿದೆ," ಎಂದರು. ಆ ಮುಖದಿಂದ ಏನನ್ನೂ ಓದಲಾಗಲಿಲ್ಲ. ನಾನು ಅಣಕಿಸಲಾಗದ ಒಂದೇ ವಸ್ತು ಆ ಮುಖ.

ಒಂಬತ್ತು ತಿಂಗಳು ಹಾಗೇ ಕಳೆದವು. ನಾನು ಫೋನು ಬಿಡಲಿಲ್ಲ. ಪ್ರತಿ ಕರೆಗೂ ಮೊದಲು ನನ್ನ ಕೋಣೆ ಖಾಲಿ ಮಾಡಿಸಿ, ಆ ಸಾದಾ ದನಿಯನ್ನು ಹುಡುಕಿ ತೆಗೆದು ಮಾತಾಡುತ್ತಿದ್ದೆ. ಬಸ್ ಸ್ಟಾಪುಗಳಲ್ಲಿ ಶಾಲೆಯ ಸಮವಸ್ತ್ರದ ಹುಡುಗಿಯರು ನಿಂತಿದ್ದರೆ ಕಿವಿ ಅತ್ತ ಹೋಗುತ್ತಿತ್ತು. ತೆಂಕಣದ ಮಾತು ಕೇಳಿಸಿದರೆ ಕಾಲು ನಿಲ್ಲುತ್ತಿತ್ತು. ಅವಳು ಇದ್ದಾಳೋ ಇಲ್ಲವೋ, ಅಷ್ಟು ತಿಳಿದರೆ ಸಾಕಿತ್ತು.

ಅಣಕಿಸುವ ಚಪಲಕ್ಕೆ ಮೇಡಂ ಒಂದೇ ಒಂದು ಕಿಟಕಿ ಬಿಟ್ಟುಕೊಟ್ಟಿದ್ದರು. ಹೊಸಬರ ಪರೀಕ್ಷೆಯಲ್ಲಿ ಹುಸಿ ಕರೆ ಮಾಡುವವನು ನಾನು. ಅಳುವವನು, ರೇಗುವವನು, ತುಟಿ ಬಿಚ್ಚದವನು, ಯಾವ ಪಾತ್ರ ಕೊಟ್ಟರೂ ಸರಿ. ಜನವರಿಯ ಚಳಿಗಾಲದ ರಜೆಯಲ್ಲಿ ಆರು ಮಂದಿ ಹೊಸಬರು ಬಂದಿದ್ದರು. ಅವರು ಗೂಡಿನಲ್ಲಿ, ನಾನು ಹಿಂದಿನ ಕೋಣೆಯಲ್ಲಿ. ನನ್ನ ಜೊತೆ ಕೇಳಿಸಿಕೊಳ್ಳುತ್ತ ಅಂಕ ಹಾಕಲು ಓಕ್ ಮೇಡಂ ಮತ್ತು ಹಿಂದೆ ಬಾನುಲಿಯಲ್ಲಿದ್ದು ನಿವೃತ್ತರಾದ ಗಿಲ್ ಎಂಬ ಹಿರಿಯರು. ಬೆಳಗ್ಗೆಯಿಂದ ಐದು ಮಂದಿಗೆ ಐದು ಥರ ಅತ್ತು ನನಗೆ ಹಸಿವಾಗಿತ್ತು. ಆರನೆಯದಕ್ಕೆ ಕೈಯಲ್ಲಿದ್ದ ಪಾತ್ರ, ಅಪ್ಪನ ಜೊತೆ ಜಗಳವಾಡಿದ ಹದಿನೈದರ ಹುಡುಗ. ಡಯಲ್ ಮಾಡಿದೆ.

"ನಮಸ್ಕಾರ. ಒಣಮೀನು ಕೇಳ್ತಾ ಇದ್ದೀನಿ."

ಓಕ್ ಮೇಡಂ ಕಡೆ ನೋಡಿದೆ. ಅವರು ಅಂಕದ ಹಾಳೆಯಲ್ಲಿ ಮುಳುಗಿದ್ದರು.

ಒಣಮೀನು ಎಲ್ಲರ ಮನೆಯಲ್ಲೂ ಇರುವ ನೆಂಚಿಕೆ. ಯಾರು ಬೇಕಾದರೂ ಆ ಹೆಸರಿಟ್ಟುಕೊಳ್ಳಬಹುದು. ಮಾತೂ ರಾಜಧಾನಿಯ ಮಾತು, ಒಂದು ಸುಕ್ಕಿಲ್ಲ. ಹುಡುಗನ ಒಡೆದ ದನಿಯಲ್ಲಿ ಅಪ್ಪನ ಮೇಲೆ ರೇಗಿದೆ. ಅವಳು ಮರಳಿಸಿದಳು. ಬುದ್ಧಿ ಹೇಳಲಿಲ್ಲ, ಅವಸರ ಮಾಡಲಿಲ್ಲ. ಎಲ್ಲ ಸರಿಯಾಗಿತ್ತು, ಆದರೆ ಹೊಸ ಬೂಟಿನಲ್ಲಿ ನಡೆದ ಹಾಗಿತ್ತು. ಗಿಲ್ ಹಿರಿಯರು ತಲೆದೂಗಿ ಅಂಕದ ಮೇಲೆ ಅಂಕ ಹಾಕುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ಹಾಳೆಯನ್ನು ಮಗುಚಿಟ್ಟೆ. ಒಡೆದ ದನಿಯನ್ನು ಕಳಚಿದೆ.

"ಇನ್ನೊಂದು ವಿಷಯ," ಎಂದೆ, ನನ್ನ ಸಣ್ಣ ಬಿರುಕಿನ ದನಿಯಲ್ಲಿ. "ಒಂದ್ಸಲ ನಾನು ಒಬ್ಬರ ಮನಸ್ಸು ನೋಯಿಸಿದೆ. ಬೇಕಂತ ಅಲ್ಲ. ಆಮೇಲೆ ಅವರು ಏನಾದ್ರು ಅಂತ ಗೊತ್ತಿಲ್ಲ. ಕೇಳೋ ಹಾಗೂ ಇಲ್ಲ."

ಗಿಲ್ ಹಿರಿಯರು ತಮ್ಮ ಹಾಳೆಯ ಹಿಂದೆ ಮುಂದೆ ಹುಡುಕಿದರು. ಆ ಕಡೆ ಉಸಿರು ಮಾತ್ರ. ಆ ಉಸಿರು ನನಗೆ ಗೊತ್ತಿತ್ತು. ನಾನು ಕಾದೆ.

"ಅಕಿ ಏನಾದಳೋ ಏನೋ ಅಂತ," ಎಂದಿತು ಆ ದನಿ, ಬೂಟು ಕಳಚಿ, ಬರಿಗಾಲಲ್ಲಿ, "ಭಾಳ ದಿನದಿಂದ ನಿನ್ನ ಮನಸಿನ್ಯಾಗ ಕುಂತದ."

'ಅವರು' ಎಂದಷ್ಟೇ ನಾನು ಹೇಳಿದ್ದು. ಅವಳು 'ಅಕಿ' ಎಂದಳು.

"ಹೂಂ," ಎಂದೆ.

"ಹೇಳು. ಅವಸರ ಇಲ್ಲ. ನಾ ಇಲ್ಲೇ ಅದೀನಿ. ಎಲ್ಲೂ ಹೋಗಂಗಿಲ್ಲ."

ನಾನು ಮೌತ್‌ಪೀಸಿಗೆ ಅಂಗೈ ಮುಚ್ಚಿದೆ. ಅಂದು ಅತ್ತ ಆರು ಅಳುಗಳಲ್ಲಿ ಇದೊಂದಕ್ಕೆ ಅಂಕವಿರಲಿಲ್ಲ.

"ಇದೇನು ಮೇಡಂ," ಗಿಲ್ ಹಿರಿಯರು ಕನ್ನಡಕ ತೆಗೆದರು. "ಹುಡುಗಿ ಇದ್ದಕ್ಕಿದ್ದಂಗೆ ಹಳ್ಳಿ ಮಾತಿಗೆ ಇಳಿದುಬಿಟ್ಟಳಲ್ಲ? ಇವನೂ ಪಾತ್ರ ಬಿಟ್ಟ. ಇದು ಹಾಳೆಯಲ್ಲೇ ಇಲ್ಲ."

"ಹಾಳೆಯಲ್ಲಿ ಇಲ್ಲ," ಎಂದರು ಓಕ್ ಮೇಡಂ. "ಫೋನು ಮಾಡೋ ಮಕ್ಕಳೂ ಹಾಳೆ ಓದ್ಕೊಂಡು ಬರಲ್ಲ. ಈ ಮಾತಲ್ಲೇ ಕೇಳಿಸ್ಕೋಬೇಕಾದ ಮಕ್ಕಳು ಈ ಊರಲ್ಲಿ ಎಷ್ಟಿದಾರೋ." ಪೆನ್ನು ಮುಚ್ಚಿದರು. "ಓಕೆ."

ಒಂದು ವರ್ಷದಲ್ಲಿ ಆ ಬಾಯಿಂದ ನಾನು ಕೇಳಿದ ಮೊದಲ ಓಕೆ.

ಹೊಸಬರೆಲ್ಲ ಕಾರಿಡಾರಿನಲ್ಲಿ ಹೀಟರಿನ ಸುತ್ತ ನಿಂತು ಸುಟ್ಟ ಗೆಣಸು ತಿನ್ನುತ್ತಿದ್ದರು. ಕೊನೆಯಲ್ಲೊಬ್ಬಳು, ಮೊಣಕಾಲು ಮುಚ್ಚುವ ಕರಿ ಕೋಟಿನವಳು, ಎದೆಯ ಮೇಲೆ ಒಣಮೀನು ಎಂದು ಬರೆದ ಬಿಲ್ಲೆ. ಅಕ್ಷರಗಳು ಬಿಲ್ಲೆಯ ತುಂಬ, ದೂರದಿಂದಲೂ ಓದುವಷ್ಟು ದಪ್ಪ. ನಾನು ಅವಳಿಗೆ ಏನೂ ಹೇಳುವಂತಿರಲಿಲ್ಲ, ಅವಳೂ ಕೇಳುವಂತಿರಲಿಲ್ಲ. ಅವಳು ಹಿರಿಯನಿಗೆ ತಗ್ಗುವಷ್ಟು ತಲೆ ತಗ್ಗಿಸಿ, ಗೆಣಸಿನ ಅರ್ಧ ಮುರಿದು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

"ಅಣ್ಣ, ನಿಮ್ಮ ದನಿ ಅಷ್ಟೇನ ಚೊಲೋ ಇಲ್ಲ ಬಿಡ್ರಿ," ಎಂದಳು, ಕಾರಿಡಾರಿಗೆಲ್ಲ ಕೇಳಿಸುವ ಹಾಗೆ.

ಯಾರೂ ನಗಲಿಲ್ಲ, ನಾನೊಬ್ಬನ ಹೊರತು. ಅವಳ ಗೂಡು ನನ್ನ ಎಡಗಡೆಯದು ಎಂದು ಚೇರಿನ್ ಅಕ್ಕ ಆಗಲೇ ಪಟ್ಟಿಯಲ್ಲಿ ಬರೆಯುತ್ತಿದ್ದಳು.

ಆ ಸಂಜೆ ಮನೆಯಲ್ಲಿ ಊಟಕ್ಕೆ ಕೂತರೆ, ನೆಂಚಿಕೆಗಳ ನಡುವೆ ಒಂದು ಬಟ್ಟಲು ಒಣಮೀನು, ಪಕ್ಕದಲ್ಲಿ ಖಾರದ ಮೂಲಂಗಿ. ತಿನ್ನುವುದನ್ನು ಬಿಟ್ಟು ನೋಡುತ್ತ ಕೂತೆ. ಹೇಳಿಕೊಳ್ಳಲಾಗದ ಹೆಮ್ಮೆಯನ್ನು ಹೊಟ್ಟೆಯಲ್ಲಿಟ್ಟುಕೊಂಡರೆ ಅನ್ನಕ್ಕೆ ಜಾಗವೆಲ್ಲಿ?

"ಮೀನನ್ನ ಏನು ಹಾಗೆ ನೋಡ್ತೀಯ?" ಎಂದಳು ಅಮ್ಮ. "ಮಗಳು ಯೂನಿವರ್ಸಿಟಿ ಪಾಸಾದ ಅಪ್ಪನ ಥರ?"

"ಏನಿಲ್ಲಮ್ಮ. ಅನ್ನ ಹಾಕು."

ಅಮ್ಮ ಸಟ್ಟುಗವನ್ನು ಗಾಳಿಯಲ್ಲೇ ನಿಲ್ಲಿಸಿ ನನ್ನ ಮುಖ ನೋಡಿದಳು. "ಇದು ಯಾರ ದನಿಯೋ? ಎಲ್ಲೂ ಕೇಳಿಲ್ವಲ್ಲ."

"ನಂದೇ," ಎಂದೆ.